ತಂಗಿಯ ಕಾಡಿನಲ್ಲಿ ಹೂ ಕಿತ್ತೆ

ಹೊರಡುವ ಮೊದಲು

ಮಡಗಾಸ್ಕರಕ್ಕೆ ಹೋಗಿ ಬಂದೆ ಎಂದರೆ ಮಲ್ಲೇಶ್ವರದಲ್ಲಿ ಯಾರೂ ಹೇಗಿತ್ತು ಎಂದು ಕೇಳುವುದಿಲ್ಲ, ಊಟಕ್ಕೆ ಏನು ಮಾಡಿದ್ರಿ ಎಂದು ಕೇಳುತ್ತಾರೆ. ಅನ್ನ ತಿಂದೆ ಎಂದರೆ ನಂಬುವುದಿಲ್ಲ. ಆಫ್ರಿಕಾದ ಪಕ್ಕದ ದ್ವೀಪದಲ್ಲಿ ಅನ್ನವೇ ಎಂದು ಮುಖ ನೋಡುತ್ತಾರೆ. ಬೆಳಿಗ್ಗೆ ಅನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಎಲ್ಲವನ್ನೂ ಒಂದೇ ಸಲ ಬರೆದುಬಿಡೋಣ ಎಂದು ಕೂತಿದ್ದೇನೆ. ಇನ್ನು ಮೇಲೆ ಕೇಳಿದವರ ಕೈಗೆ ಇದನ್ನೇ ಕೊಡುತ್ತೇನೆ, ಓದಿಕೊಳ್ಳಲಿ.

ನಾನು ಬಹಳ ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿ, ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು. ‘ಸಾರಿ ಮಿಸ್’ ಎಂಬ ಮಾತನ್ನು ಎಷ್ಟು ಮಕ್ಕಳ ಬಾಯಿಂದ ಹೇಳಿಸಿದ್ದೇನೋ ದೇವರಿಗೇ ಗೊತ್ತು. ನಾನು ಯಾರಿಗಾದರೂ ಹೇಳಿದ ನೆನಪಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಬಂದವರಿಗೆಲ್ಲ ಹೇಳುತ್ತಾರೆ. ಅದು ಸುಳ್ಳಲ್ಲ.

ನಳಿನಿ ನನ್ನ ತಂಗಿ, ನನಗಿಂತ ಆರು ವರ್ಷ ಚಿಕ್ಕವಳು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದಳು. ಮದುವೆ ಬೇಡ ಎಂದಳು, ನಮ್ಮ ಜೊತೆಯಲ್ಲೇ ಇದ್ದಳು. ಮನೆಯ ಹಿಂದೆ ಒಂದು ನೇರಳೆ ಮರ ಇತ್ತು. ಅವಳಿಗೆ ಆ ಮರ ಎಂದರೆ ಪ್ರಾಣ. ಹತ್ತು ವರ್ಷದ ಹಿಂದೆ ಅವಳು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ವಾರ ಘಟ್ಟಕ್ಕೆ ಹೋಗಿದ್ದಾಗ ನಾನು ಅದನ್ನು ಕಡಿಸಿದೆ. ಹಣ್ಣು ಉದುರಿ ಒಗೆದ ಬಟ್ಟೆಗೆಲ್ಲ ಕಲೆ, ಬೇರು ನುಗ್ಗಿ ನೀರಿನ ಸಂಪಿನ ಗೋಡೆಯಲ್ಲಿ ಬಿರುಕು, ಪಕ್ಕದ ಮನೆಯವರ ದಿನದ ಗೊಣಗಾಟ. ವಾಪಸು ಬಂದವಳಿಗೆ ಮರ ಒಳಗೆ ಟೊಳ್ಳಾಗಿತ್ತು, ಗಾಳಿ ಬಂದರೆ ಮನೆ ಮೇಲೇ ಬೀಳುತ್ತಿತ್ತು ಎಂದೆ. ಟೊಳ್ಳಾಗಿರಲಿಲ್ಲ. ಕಡಿಯಲು ಬಂದವರಿಗೆ ಎರಡು ದಿನ ಹಿಡಿಯಿತು, ಅಷ್ಟು ಗಟ್ಟಿ ಇತ್ತು.

ಅವಳು ಕೂಗಾಡಲಿಲ್ಲ. ಸ್ನಾನ ಮಾಡಿ, ಊಟ ಮಾಡಿ, ತಟ್ಟೆ ತೊಳೆದಿಟ್ಟು ಮಲಗಿದಳು. ಆ ವರ್ಷವೇ ಸ್ವಯಂ ನಿವೃತ್ತಿ ತೆಗೆದುಕೊಂಡು ಮೂರು ತಿಂಗಳ ಅಧ್ಯಯನಕ್ಕೆಂದು ಮಡಗಾಸ್ಕರಕ್ಕೆ ಹೋದವಳು ಅಲ್ಲೇ ನಿಂತಳು. ಈಗ ಅಲ್ಲೊಂದು ಬೋಳು ಗುಡ್ಡವನ್ನು ಊರವರಿಂದ ಪಡೆದು ಕಾಡು ಬೆಳೆಸುತ್ತಿದ್ದಾಳೆ. ಸರ್ಕಾರದ ಕೆಲಸವಲ್ಲ, ದೊಡ್ಡ ಸಂಸ್ಥೆಯದ್ದೂ ಅಲ್ಲ. ಅವಳ ಪಿಂಚಣಿ, ಹಳೆಯ ವಿದ್ಯಾರ್ಥಿಗಳು ಕಳಿಸುವುದು, ಹನುಮಂತನಗರದ ಒಬ್ಬ ಹಲ್ಲಿನ ಡಾಕ್ಟರು, ವೈಯಾಲಿಕಾವಲಿನ ಒಂದು ಭಜನಾ ಮಂಡಳಿ. ಇವರನ್ನೆಲ್ಲ ನಂಬಿ ಆ ಗುಡ್ಡ ಹಸಿರಾಗುತ್ತಿದೆ.

ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಫೋನು ಮಾಡುತ್ತಿದ್ದಳು. ನನ್ನ ಬಿ.ಪಿ., ಅವಳ ಮಳೆ, ಇಷ್ಟೇ ಮಾತು. ನೇರಳೆ ಮರದ ಸುದ್ದಿ ಇಬ್ಬರೂ ಎತ್ತುತ್ತಿರಲಿಲ್ಲ.  ಕಳೆದ ವರ್ಷ ಅವಳೇ ಬಾ ಎಂದಾಗ ಯಜಮಾನರು ಪೇಪರಿನಿಂದ ತಲೆ ಎತ್ತದೆ, ‘ಹೋಗು. ಆ ಮರದ ವಿಷ್ಯ ತಪ್ಪಾಯ್ತು ಅಂತ ಹೇಳ್ಬಿಟ್ಟು ಬಾ. ಫೋನಲ್ಲಂತೂ ನಿನ್ ಕೈಲಿ ಆಗಲ್ಲ’ ಎಂದರು. ಹೋಗುವ ಉದ್ದೇಶ ಅದೊಂದೇ ಆಗಿತ್ತು. ಲೆಮೂರು ನೋಡಲು ಹೋಗುತ್ತಿದ್ದೇನೆ ಎಂದು ಊರಿಗೆಲ್ಲ ಹೇಳಿದೆ.

ವಿಮಾನ ನಿಲ್ದಾಣ

ಎರಡು ವಿಮಾನ ಬದಲಿಸಿ ಇಳಿದಾಗ ಕಾಲು ಊದಿ ಚಪ್ಪಲಿಯೊಳಗೆ ಹೋಗುತ್ತಿರಲಿಲ್ಲ. ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ತೆರೆಸಿ ಒಂದೊಂದೇ ಡಬ್ಬಿ ಮೂಸಿ ನೋಡಿದ. ಸಾರಿನ ಪುಡಿಗೆ ನಾಲ್ಕು ಸಲ ಸೀನಿದ. ಹುಣಿಸೆಹಣ್ಣಿನ ಉಂಡೆಯನ್ನು ಬಹಳ ಹೊತ್ತು ಹಿಂದೆ ಮುಂದೆ ತಿರುಗಿಸಿ ಪೆಟ್ಟಿಗೆಗೇ ವಾಪಸು ಹಾಕಿದ. ಸಾಸಿವೆ, ಮೆಂತ್ಯ ಎರಡನ್ನೂ ಬೀಜ ಎಂದು ಕಸಿದುಕೊಂಡ. ಇವು ಬೀಜವಲ್ಲಪ್ಪ, ಒಗ್ಗರಣೆ ಎಂದು ನಾನು ಕೈಸನ್ನೆಯಲ್ಲಿ ಎಣ್ಣೆ ಕಾಯಿಸಿ, ಚಟಪಟ ಸಿಡಿಸಿಯೂ ತೋರಿಸಿದೆ. ಅವನ ಹಿಂದೆ ನಿಂತಿದ್ದ ಇನ್ನಿಬ್ಬರು ಅಧಿಕಾರಿಗಳು ನಕ್ಕರು, ಸಾಸಿವೆ ಮಾತ್ರ ವಾಪಸು ಬರಲಿಲ್ಲ.

ಹೊರಗೆ ನಳಿನಿ ಹುಲ್ಲಿನ ಟೋಪಿ ಹಾಕಿಕೊಂಡು ನಿಂತಿದ್ದಳು. ಗುರುತೇ ಸಿಗಲಿಲ್ಲ. ಬಿಸಿಲಿಗೆ ಕಪ್ಪಾಗಿ, ಒಣಗಿ, ಕಣ್ಣು ಮಾತ್ರ ಮೊದಲಿನ ಹಾಗೆ ಇತ್ತು. ಅಪ್ಪಿಕೊಳ್ಳುವ ಅಭ್ಯಾಸ ನಮ್ಮ ಮನೆಯಲ್ಲಿ ಇಲ್ಲ. ನನ್ನ ಕೈಯಿಂದ ಬ್ಯಾಗು ಕಿತ್ತುಕೊಂಡು, ಕಾಲು ಊದಿದೆಯಲ್ಲ ಎಂದಳು. ಸಾಸಿವೆಯ ದೂರು ಹೇಳಿದೆ. ಅವನು ಮಾಡಿದ್ದು ಸರಿ, ಹೊರಗಿನ ಬೀಜ ಬಂದರೆ ಈ ದ್ವೀಪ ಕೆಡುತ್ತದೆ ಎಂದು ಅವನ ಪರ ವಹಿಸಿದಳು. ಬಂದು ಹತ್ತು ನಿಮಿಷವಾಗಿಲ್ಲ, ನನಗೆ ಮೈಯೆಲ್ಲ ಉರಿಯಿತು.

ದಾರಿ

ಅಲ್ಲಿ ಬಸ್ಸಿಗೆ ಟ್ಯಾಕ್ಸಿ ಬ್ರೂಸ್ ಎನ್ನುತ್ತಾರೆ. ನಮ್ಮ ಮ್ಯಾಕ್ಸಿಕ್ಯಾಬಿನಷ್ಟೇ ದೊಡ್ಡದು, ಜನ ಅದರ ಎರಡರಷ್ಟು. ಮೇಲೆ ಅಕ್ಕಿ ಮೂಟೆ, ಹಾಸಿಗೆ, ಬುಟ್ಟಿಯಲ್ಲಿ ಕೋಳಿ. ಡ್ರೈವರ್ ತನ್ನ ಅತ್ತೆ ಮನೆ ಬಂತೆಂದು ಒಂದು ಕಡೆ ನಿಲ್ಲಿಸಿ ಒಳಗೆ ಹೋಗಿ ಮಾತಾಡಿಕೊಂಡು ಬಂದ. ಒಬ್ಬರೂ ಗೊಣಗಲಿಲ್ಲ. ನಾನು ಗಡಿಯಾರ ನೋಡಿದಾಗಲೆಲ್ಲ ಪಕ್ಕದ ಹೆಂಗಸು ನನ್ನ ಮಂಡಿ ತಟ್ಟಿ ‘ಮುರಾ ಮುರಾ’ ಎನ್ನುತ್ತಿದ್ದಳು. ನಿಧಾನ, ನಿಧಾನ ಎಂದರ್ಥ. ನಮ್ಮ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಯಾರಾದರೂ ಹೀಗೆ ಮಂಡಿ ತಟ್ಟಿದರೆ ನಾನು ಸುಮ್ಮನಿರುತ್ತಿದ್ದೆನೇ? ಅಲ್ಲಿ ಸುಮ್ಮನಿದ್ದೆ. ಅವಳ ಕೈ ತುಂಬ ಮೆತ್ತಗಿತ್ತು.

ನಾನು ದಟ್ಟ ಕಾಡಿನ ದೇಶ ಎಂದುಕೊಂಡು ಹೋಗಿದ್ದೆ. ಗಂಟೆಗಟ್ಟಲೆ ಹೋದರೂ ಬರೀ ಬೋಳು ಗುಡ್ಡ. ಮಳೆಗೆ ಕೊಚ್ಚಿಹೋದ ಮಣ್ಣು ದೊಡ್ಡ ದೊಡ್ಡ ಕೊರಕಲಾಗಿ, ಮೈಮೇಲಿನ ಗಾಯ ಬಾಯಿ ಬಿಟ್ಟ ಹಾಗೆ ಕೆಂಪಗೆ ಕಾಣುತ್ತಿತ್ತು. ಹುಲ್ಲು ಚಿಗುರಲಿ ಎಂದು ದನ ಕಾಯುವವರು ಬೆಂಕಿ ಹಾಕುತ್ತಾರಂತೆ, ಅದು ಹತೋಟಿ ತಪ್ಪಿ ಮರ ಸುಡುತ್ತದಂತೆ. ಹಾಗೆ ಮಾಡಬೇಡಿ ಎಂದು ಹೇಳುವುದು ಸುಲಭ, ದನವೇ ಅವರ ಬ್ಯಾಂಕು ಎಂದಳು ನಳಿನಿ. ಕಿಟಕಿಯಾಚೆ ನೋಡುತ್ತಾ ಮೆಲ್ಲಗೆ ಮಾತಾಡುತ್ತಿದ್ದಳು. ಈಗಲೇ ಹೇಳಿಬಿಡಲೇ ಎಂದುಕೊಂಡೆ. ಕೋಳಿ ಕೂಗಿತು, ಬಿಟ್ಟೆ.

ದಾರಿಯ ಪೇಟೆಯಲ್ಲಿ ಒಬ್ಬ ಅಂಗಡಿಯಾತ ನನ್ನ ಸೀರೆ ನೋಡಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದೇ ಬಂದು ಗುಜರಾತಿಯಲ್ಲಿ ಮಾತಾಡಲು ಶುರುಮಾಡಿದ. ಅವನ ಮುತ್ತಜ್ಜ ಅಲ್ಲಿಗೆ ಬಂದವನಂತೆ. ನನಗೆ ಗುಜರಾತಿ ಬರುವುದಿಲ್ಲ, ಅವನಿಗೆ ಕನ್ನಡ ಎಂಬುದೊಂದು ಇದೆ ಎಂದೇ ಗೊತ್ತಿಲ್ಲ. ಆದರೂ ಒಂದು ಪೊಟ್ಟಣ ಕಟ್ಟಿ ನನ್ನ ಕೈಗಿಟ್ಟು ಬೆಹೆನ್ ಎಂದ. ಬಿಚ್ಚಿ ನೋಡಿದರೆ ಸಾಸಿವೆ.

ಗುಡ್ಡದ ಬುಡ

ನಳಿನಿಯ ಮನೆ ಮಣ್ಣಿನ ಗೋಡೆಯ ಎರಡು ಕೋಣೆ. ನಾನು ಹೋದವಳೇ ದಿಕ್ಕು ನೋಡಿ, ಈಶಾನ್ಯ ಮೂಲೆಯಲ್ಲಿ ಒಂದು ಮಣೆ ಇಟ್ಟು ನನ್ನ ಲಕ್ಷ್ಮಿ ಪಟ, ಪುಟ್ಟ ದೀಪ ಇಟ್ಟೆ. ನರ್ಸರಿ ನೋಡಿಕೊಳ್ಳುವ ವೋಲಾ ಎಂಬ ಹೆಂಗಸು ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ತಲೆ ಆಡಿಸಿ ಮೆಚ್ಚುಗೆ ಹೇಳಿದಳು. ಅವರ ಮನೆಗಳಲ್ಲೂ ಈಶಾನ್ಯ ಮೂಲೆ ಪೂರ್ವಿಕರದ್ದಂತೆ. ಅಲ್ಲಿ ಕಾಲು ಚಾಚಬಾರದು, ಸಾಮಾನು ಪೇರಿಸಬಾರದು. ಸಮುದ್ರ ದಾಟಿ ಬಂದರೂ ವಾಸ್ತು ಬಿಡಲಿಲ್ಲ ಎಂದು ನಳಿನಿ ನನ್ನನ್ನು ರೇಗಿಸಿದಳು. ಅವಳು ರೇಗಿಸಿ ಎಷ್ಟು ವರ್ಷವಾಗಿತ್ತು! ನನಗೆ ಹಿತವಾಯಿತು.

ಊಟಕ್ಕೆ ಅನ್ನ, ಕುಟ್ಟಿ ಬೇಯಿಸಿದ ಮರಗೆಣಸಿನ ಸೊಪ್ಪು. ಅನ್ನ ಬೇಯಿಸಿದ ಪಾತ್ರೆಯ ತಳದಲ್ಲಿ ಸೀದದ್ದು ಉಳಿಯುತ್ತದಲ್ಲ, ಅದಕ್ಕೆ ನೀರು ಹೊಯ್ದು ಕುದಿಸಿ, ಆ ಕಂದು ನೀರನ್ನು ಕುಡಿಯಲು ಕೊಡುತ್ತಾರೆ. ನಮ್ಮ ಮನೆಯಲ್ಲಿ ಅನ್ನ ಸೀದರೆ ಅಡುಗೆ ಮಾಡಿದವರ ಮರ್ಯಾದೆ ಹೋಗುತ್ತದೆ. ಅಲ್ಲಿ ಸೀಯದಿದ್ದರೆ ಕುಡಿಯಲು ಏನಿಲ್ಲ ಎಂದು ಬೇಸರ. ಮೂರನೆಯ ದಿನಕ್ಕೆ ನಾನೇ ಲೋಟ ಮುಂದೆ ಚಾಚುತ್ತಿದ್ದೆ.

ಕಾಡು ಬೆಳೆಸುವುದು ಎಂದರೆ ಗುಂಡಿ ತೋಡಿ ಗಿಡ ನೆಟ್ಟು ಫೋಟೋ ತೆಗೆಸಿಕೊಳ್ಳುವುದು ಎಂದು ನಾನು ತಿಳಿದಿದ್ದೆ. ಶಾಲೆಯಲ್ಲಿ ನಾವು ಮಾಡುತ್ತಿದ್ದುದು ಅದೇ. ಪ್ರತಿ ವರ್ಷ ಅದೇ ಗುಂಡಿ. ನಳಿನಿಯ ಕೆಲಸ ಬೇರೆ. ಬೆಳಗಾದರೆ ಹನ್ನೆರಡು ಜನ ಹೆಂಗಸರು ಬರುತ್ತಾರೆ. ದೂರದಲ್ಲಿ ಅಷ್ಟಿಷ್ಟು ಉಳಿದಿರುವ ಕಾಡಿನಿಂದ ಹೆಕ್ಕಿ ತಂದ ಬೀಜಗಳನ್ನು ಜಾತಿವಾರು ಬೇರೆ ಮಾಡಬೇಕು. ಕೆಲವನ್ನು ನೆನೆಸಬೇಕು, ಕೆಲವನ್ನು ಕಲ್ಲಿಗೆ ಉಜ್ಜಬೇಕು. ಬೇಗ ಬೆಳೆಯುವ ಗಿಡ ಮೊದಲು ನೆಟ್ಟು ನೆರಳು ಮಾಡಿ, ಆ ನೆರಳಿನಲ್ಲಿ ನಿಧಾನದವನ್ನು ನೆಡಬೇಕು. ಬೇಸಿಗೆಗೆ ಮುಂಚೆ ಗುಡ್ಡದ ಸುತ್ತ ಹುಲ್ಲು ಹೆರೆದು ಬೆಂಕಿ ದಾಟದಂತೆ ಪಟ್ಟಿ ಮಾಡಬೇಕು. ಅವಳು ಯಾರ ಮೇಲೂ ದನಿ ಎತ್ತುತ್ತಿರಲಿಲ್ಲ. ತಪ್ಪು ಮಾಡಿದವಳ ಪಕ್ಕ ಕೂತು ತಾನೂ ಅದೇ ಕೆಲಸ ಮಾಡುತ್ತಿದ್ದಳು. ನಾನು ಎಷ್ಟೋ ವರ್ಷ ಕೂಗಿ ಕೂಗಿ ಗಂಟಲು ಕೆಡಿಸಿಕೊಂಡದ್ದು ನೆನಪಾಗಿ ನಾಚಿಕೆಯಾಯಿತು.

ಒಂದು ಸಂಜೆ ಅವಳು ಒಂದು ಮರದ ವಿಷಯ ಹೇಳಿದಳು. ಊರವರು ಅದನ್ನು ಅಜ್ಜಿ ಎನ್ನುತ್ತಾರೆ. ಆ ಕಣಿವೆಯಲ್ಲಿ ಆ ಜಾತಿಯದ್ದು ಉಳಿದಿರುವುದು ಅದೊಂದೇ. ನಾಲ್ಕೈದು ವರ್ಷಕ್ಕೊಮ್ಮೆ ಹೂ ಬಿಡುತ್ತದೆ. ಹಿಂದಿನ ಸಲ ಕಾಯಿ ಕಟ್ಟುವ ಮೊದಲೇ ಹುಲ್ಲಿನ ಬೆಂಕಿ ಬಂದು ಅರ್ಧ ಮರ ಸುಟ್ಟಿತು. ಈ ಸಲ ಉಳಿದ ಒಂದೇ ಕೊಂಬೆಗೆ ಮೊಗ್ಗು ಬಂದಿದೆ. ಅದರ ಬೀಜ ಸಿಕ್ಕಿದರೆ ಅವಳ ಗುಡ್ಡಕ್ಕೆ ಆ ಜಾತಿ ವಾಪಸು ಬರುತ್ತದೆ, ಇಲ್ಲದಿದ್ದರೆ ಇನ್ನು ಬರುವುದು ಅನುಮಾನ. ಶುಕ್ರವಾರ ಮಧ್ಯಾಹ್ನ ನಿನ್ನನ್ನು ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದಳು. ಇಷ್ಟೂ ಹೇಳುವಾಗ ನಾನು ಹೂಂ ಹೂಂ ಎನ್ನುತ್ತಾ ಹುಣಿಸೆಹಣ್ಣು ಕಿವುಚುತ್ತಿದ್ದೆ. ಮರ ಎಲ್ಲಿದೆ, ಹೇಗಿದೆ ಎಂದು ಕೇಳಲಿಲ್ಲ. ನನಗೆ ಮರದ ಮಾತೇ ಬೇಡವಾಗಿತ್ತು. ಆ ದಾರಿ ಎಲ್ಲಿಗೆ ಹೋಗಿ ಮುಟ್ಟುತ್ತದೋ ಎಂಬ ಭಯ.

ಮಂಗಳವಾರ

ಮಂಗಳವಾರ ಯಾರೂ ಕೆಲಸಕ್ಕೆ ಬರಲಿಲ್ಲ. ಆ ಕಣಿವೆಯಲ್ಲಿ ಮಂಗಳವಾರ ಮಣ್ಣು ಅಗೆಯುವುದು ಫಾಡಿ, ಅಂದರೆ ನಿಷೇಧ. ಪೂರ್ವಿಕರು ಮುನಿಯುತ್ತಾರೆ. ಬೇರೆ ಕಣಿವೆಯಲ್ಲಿ ಗುರುವಾರವಂತೆ. ವಾರದಲ್ಲಿ ಒಂದು ದಿನ ಹೀಗೆ ಹೋದರೆ ಕಾಡು ಯಾವಾಗ ಬೆಳೆಯುವುದು, ಸ್ವಲ್ಪ ಗಟ್ಟಿಯಾಗಿ ಹೇಳು ಇವರಿಗೆ ಎಂದೆ. ನಳಿನಿ ನಕ್ಕು, ‘ನೀನು ಇಲ್ಲಿಗೆ ಹೊರಡುವಾಗ ರಾಹುಕಾಲ ಕಳೀಲಿ ಅಂತ ಕ್ಯಾಬ್‌ನೋನನ್ನ ಗೇಟಲ್ಲೇ ಕಾಯಿಸಿದ್ಯಂತಲ್ಲ ಅಕ್ಕ. ಭಾವ ಹೇಳಿದ್ರು’ ಎಂದಳು. ಯಜಮಾನರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ.

ಸಂಜೆ ವೋಲಾಳ ಜೊತೆ ತಿರುಗಾಡಲು ಹೋದೆ. ಗುಡ್ಡದ ನೆತ್ತಿಯ ಹತ್ತಿರ ಕಲ್ಲಿನ ಕಟ್ಟಡ ಕಂಡಿತು. ಅದೇನು ಎಂದು ಬೆರಳು ಮಾಡಿದೆ. ವೋಲಾ ಹೌಹಾರಿ ನನ್ನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಮೆಲ್ಲಗೆ ಮಡಿಸಿದಳು. ಪೂರ್ವಿಕರ ಸಮಾಧಿ ಅದು, ಅದಕ್ಕೆ ಬೆರಳು ತೋರಿಸಬಾರದು. ತೋರಿಸಲೇಬೇಕಾದರೆ ಮುಷ್ಟಿ ಮಾಡಿ ತೋರಿಸಬೇಕು ಎಂದು ಮನೆಗೆ ಬಂದ ಮೇಲೆ ನಳಿನಿ ಹೇಳಿದಳು. ನನ್ನ ತೋರುಬೆರಳಿಗೆ ಅಂಜಿ ಒಂದಿಡೀ ಶಾಲೆ ಸಾಲಾಗಿ ನಿಲ್ಲುತ್ತಿತ್ತು. ಅದನ್ನು ಮಡಿಸಿದವಳು ವೋಲಾ ಒಬ್ಬಳೇ.

ಶುಕ್ರವಾರ

ಈಗ ನಾನು ಮಾಡಿದ್ದನ್ನು ಹೇಳಬೇಕು. ಮಲ್ಲೇಶ್ವರದವರಿಗೆ ಅರ್ಥವಾಗುತ್ತದೆ, ಬೇರೆಯವರಿಗೆ ಸ್ವಲ್ಪ ವಿವರಿಸಬೇಕು. ನಮ್ಮ ಕಡೆ ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು, ಒಂದು ಕೊಕ್ಕೆ ಕೋಲು ಇರುತ್ತದೆ. ಕಾಂಪೌಂಡಿನಿಂದ ಆಚೆ ಬಾಗಿದ ಹೂ ಬೀದಿಯದ್ದು, ಅಂದರೆ ದೇವರದ್ದು, ಅಂದರೆ ನಮ್ಮದು. ಮನೆಯವರು ಬಾಗಿಲು ತೆರೆದರೆ ಕೋಲನ್ನು ಬೆನ್ನ ಹಿಂದೆ ಇಟ್ಟು, ಚೆನ್ನಾಗಿದೀರಾ, ಮಗಳಿಗೆ ಗಂಡು ಗೊತ್ತಾಯಿತಾ ಎಂದು ಕೇಳಬೇಕು. ಇದನ್ನು ಕಳ್ಳತನ ಎಂದು ಯಾರೂ ಅನ್ನುವುದಿಲ್ಲ, ಕಳಕೊಂಡವರನ್ನು ಬಿಟ್ಟು. ನಾನೂ ದಿನಾ ಮಾಡುತ್ತೇನೆ. ಶಾಲೆಯ ತೋಟದಲ್ಲಿ ಹೂ ಕಿತ್ತ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಿದವಳೂ ನಾನೇ.

ಶುಕ್ರವಾರ ಬೆಳಿಗ್ಗೆ ಎದ್ದೆ. ಬಂದಾಗಿನಿಂದ ಲಕ್ಷ್ಮಿಗೆ ಒಂದು ಹೂವೂ ಇಲ್ಲ. ನಳಿನಿ ನರ್ಸರಿಗೆ ಹೋಗಿದ್ದಳು. ಮನೆಯ ಹಿಂದಿನ ಕಾಲುದಾರಿ ಹಿಡಿದು ಹತ್ತಿದೆ. ದಾರಿಯ ತಿರುವಿನಲ್ಲಿ ಗಮ್ಮೆಂದು ಪರಿಮಳ. ಇಳಿಜಾರಿನ ಕೆಳಗಿನಿಂದ ಎದ್ದ ಒಂದು ಕೊಂಬೆ ಸೀದಾ ದಾರಿಯ ಮೇಲೇ ಚಾಚಿತ್ತು, ಬಿಳಿ ಹೂ ಕಿಕ್ಕಿರಿದು. ಆಗ ತಾನೇ ಅರಳಿದ್ದವು, ಇಬ್ಬನಿ ಕೂಡ ಆರಿರಲಿಲ್ಲ. ಬುಡ ಕಾಣುತ್ತಿರಲಿಲ್ಲ, ಸುಟ್ಟ ಭಾಗವೂ ಕಾಣುತ್ತಿರಲಿಲ್ಲ. ದಾರಿಗೆ ಚಾಚಿದ ಕೊಂಬೆ. ಇನ್ನೇನು ಬೇಕು? ಒಂದು ಒಣ ಕಡ್ಡಿಯನ್ನು ಕೊಕ್ಕೆ ಮಾಡಿ ಬಗ್ಗಿಸಿ ಬಗ್ಗಿಸಿ ಕಿತ್ತೆ. ಸೆರಗು ತುಂಬಿತು. ತುದಿಯಲ್ಲಿ, ಪ್ರಪಾತದ ಕಡೆ ಇದ್ದವು ಮಾತ್ರ ಕೈಗೆ ಎಟುಕಲಿಲ್ಲ. ಅಯ್ಯೋ ಅಷ್ಟು ಉಳಿಯಿತಲ್ಲ ಎಂದು ಹೊಟ್ಟೆ ಉರಿದುಕೊಂಡೇ ಇಳಿದೆ.

ಸ್ನಾನ ಮಾಡಿ ಪಟ ಮುಚ್ಚುವಷ್ಟು ಹೂ ಏರಿಸಿದೆ. ದೀಪ ಹಚ್ಚಿ ಮಂಗಳಾರತಿ ಮಾಡುತ್ತಿದ್ದಾಗ ನಳಿನಿ ಬಂದಳು. ನಾನು ತಿರುಗಿ, ಬಾರೆ, ಆರತಿ ತಗೊ ಎಂದೆ. ಅವಳು ಆರತಿ ನೋಡುತ್ತಿರಲಿಲ್ಲ. ಹೂ ನೋಡುತ್ತಿದ್ದಳು. ಹಾಗೇ ಗೋಡೆಗೆ ಒರಗಿ ನೆಲಕ್ಕೆ ಕುಸಿದು ಕೂತಳು.

ಎಲ್ಲಿ ಕಿತ್ತೆ ಎಂದು ಕೇಳಿದಳು. ಹೇಳಿದೆ. ಹೇಳುತ್ತಿದ್ದ ಹಾಗೆ ನನಗೇ ಗೊತ್ತಾಯಿತು.  ಕೈಯಲ್ಲಿ ಆರತಿ ತಟ್ಟೆ ಹಾಗೇ ಇತ್ತು, ಎಲ್ಲಿ ಇಡಬೇಕೋ ತೋಚಲಿಲ್ಲ. ಆ ಕ್ಷಣದಲ್ಲೂ ನನ್ನ ಬಾಯಿಂದ ಬಂದದ್ದು ಏನು ಗೊತ್ತೇ? ದಾರಿಗೆ ಚಾಚಿತ್ತು, ಬೇಲಿ ಹಾಕಬೇಕಿತ್ತು, ಒಂದು ಬೋರ್ಡಾದರೂ ಇಡಬೇಕಿತ್ತು ಎಂದೆ. ಅವಳು ಬೈದಿದ್ದರೆ ಚೆನ್ನಾಗಿತ್ತು. ಎದ್ದು, ಅಡುಗೆಮನೆಗೆ ಹೋಗಿ, ತಟ್ಟೆಗೆ ಅನ್ನ ಬಡಿಸಿಕೊಂಡು ಉಂಡಳು. ತಟ್ಟೆ ತೊಳೆದಿಟ್ಟಳು. ಹತ್ತು ವರ್ಷದ ಹಿಂದೆ ಇದೇ ಥರ ತಟ್ಟೆ ತೊಳೆದಿದ್ದಳು. 

ಸುದ್ದಿ ಊರಿಗೆ ಹಬ್ಬಲು ಹೊತ್ತಾಗಲಿಲ್ಲ. ಮರ ನಳಿನಿಯದ್ದೂ ಅಲ್ಲ, ಅದು ನಿಂತಿರುವುದು ಸಮಾಧಿಯ ಜಾಗದಲ್ಲಿ, ಪೂರ್ವಿಕರ ಮರ. ಮಧ್ಯಾಹ್ನ ಊರ ಹಿರಿಯ ರಕೋತು ಬಂದ. ನನ್ನಷ್ಟೇ ವಯಸ್ಸು, ಹೆಗಲ ಮೇಲೆ ಬಿಳಿ ಹೊದಿಕೆ. ಹೂ ಎಲ್ಲಿವೆ ಎಂದು ಕೇಳಿ ಒಳಗೆ ಬಂದು ನೋಡಿದ. ಈಶಾನ್ಯ ಮೂಲೆ, ದೀಪ, ಹೂ.  ನಳಿನಿ ಅವನ ಮಾತನ್ನು ನನಗೆ ಹೇಳಿದಳು. ಪೂರ್ವಿಕರ ಮೂಲೆಯಲ್ಲೇ ಇಟ್ಟಿದ್ದಾಳೆ, ಆದ್ದರಿಂದ ಇದು ಕಳ್ಳತನವಲ್ಲ. ಕೇಳದೆ ತೆಗೆದುಕೊಂಡದ್ದು. ಭಾನುವಾರ ಮರದ ಹತ್ತಿರ ಬಂದು ಎಲ್ಲರ ಎದುರು ಮಾತಾಡಲಿ. ಇಲ್ಲದಿದ್ದರೆ ಪೂರ್ವಿಕರು ಗುಡ್ಡಕ್ಕೆ ಮುನಿಯುತ್ತಾರೆ, ಹೆಂಗಸರು ಕೆಲಸಕ್ಕೆ ಬರಲು ಹಿಂಜರಿಯುತ್ತಾರೆ. ಎದುರಿಗೆ ಮಳೆಗಾಲ, ಗಿಡ ನೆಡುವ ಕಾಲ. ಅವಳ ಹತ್ತು ವರ್ಷ ನನ್ನ ನಾಲಿಗೆಯ ಮೇಲೆ ಬಂದು ಕೂತಿತು.

ಎಟುಕದೆ ಉಳಿದ ಆ ತುದಿಯ ಹೂಗಳು ಈಗ ಒಂಬತ್ತು ಕಾಯಿ ಬಿಟ್ಟಿವೆ ಎಂದು ನಳಿನಿ ಮೊನ್ನೆ ಫೋನಿನಲ್ಲಿ ಹೇಳಿದಳು. ಬುಟ್ಟಿಗಟ್ಟಲೆ ಬರಬೇಕಿತ್ತು. ಒಂಬತ್ತು.

ಭಾನುವಾರ

ಅವರ ದೇಶದಲ್ಲಿ ಸಭೆಯ ಮಾತಿಗೆ ಕಬಾರಿ ಎನ್ನುತ್ತಾರೆ. ಯಾರೇ ಮಾತಾಡಲು ನಿಂತರೂ ಮೊದಲು ಕ್ಷಮೆ ಕೇಳಬೇಕು. ತಪ್ಪು ಮಾಡಿದವರಷ್ಟೇ ಅಲ್ಲ, ಮದುವೆಯಲ್ಲಿ ಆಶೀರ್ವಾದ ಮಾಡುವವರೂ ಕೇಳಬೇಕು. ನನಗಿಂತ ದೊಡ್ಡವರಿದ್ದಾರೆ, ಅವರ ಮುಂದೆ ಬಾಯಿ ತೆರೆಯುತ್ತಿದ್ದೇನೆ, ಕ್ಷಮಿಸಿ. ನನಗಿಂತ ಬಲ್ಲವರಿದ್ದಾರೆ, ಕ್ಷಮಿಸಿ. ಹೀಗೆ ಎಷ್ಟು ಉದ್ದ ಕೇಳಿದರೆ ಅಷ್ಟು ಗೌರವ. ಶನಿವಾರ ಇಡೀ ದಿನ ವೋಲಾ ನನಗೆ ಇದನ್ನು ಅಭಿನಯ ಮಾಡಿ ಕಲಿಸಿದಳು. ಭಾಷೆ ಯಾವುದಾದರೂ ಆದೀತು, ಪೂರ್ವಿಕರಿಗೆ ಎಲ್ಲ ತಿಳಿಯುತ್ತದೆ, ಊರವರಿಗೆ ನಳಿನಿ ಹೇಳುತ್ತಾಳೆ ಎಂದು ತೀರ್ಮಾನವಾಯಿತು. ನಳಿನಿ ಎರಡು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು. ನೀರು ಕಾದಿದೆ. ಊಟಕ್ಕೆ ಬಾ.

ಬೆಳಿಗ್ಗೆ ಊರೆಲ್ಲ ದಾರಿಯ ತಿರುವಿನಲ್ಲಿ ಸೇರಿತ್ತು. ಹೆಂಗಸರು ಒಳ್ಳೆಯ ಬಟ್ಟೆ ಉಟ್ಟು ಬಂದಿದ್ದರು. ರಕೋತು ನನ್ನ ಕೈಗೆ ಒಂದು ರಮ್ಮಿನ ಬಾಟಲಿ ಕೊಟ್ಟ, ಪೂರ್ವಿಕರಿಗೆ ಎರೆಯಲು. ಮಾತು ಮುಗಿಯುವ ತನಕ ನಾನೇ ಹಿಡಿದಿರಬೇಕು. ವಾಸನೆಗೇ ತಲೆನೋವು ಬರುವವಳು ನಾನು, ಮಡಿ ಸೀರೆ ಉಟ್ಟು ಎರಡೂ ಕೈಯಲ್ಲಿ ರಮ್ಮು ಹಿಡಿದು ನಿಂತೆ. ಬೀದಿಯವರು ಯಾರೂ ನೋಡುತ್ತಿಲ್ಲವಲ್ಲ ಎಂಬುದೊಂದೇ ಸಮಾಧಾನ. ಈಗ ಓದುತ್ತೀರಿ, ಇರಲಿ.

ಶುರುವಿನಲ್ಲಿ ಶಾಲಾ ವಾರ್ಷಿಕೋತ್ಸವದ ದನಿ ಬಂತು. ಹಿರಿಯರೇ ಎಂದೆ. ನಿಮ್ಮ ಮುಂದೆ ಬಾಯಿ ತೆರೆದಿದ್ದಕ್ಕೆ ಕ್ಷಮಿಸಿ ಎಂದೆ. ಆ ಮಾತು ಬಾಯಿಂದ ಮೊದಲ ಸಲ ಹೊರಬಿದ್ದಾಗ ಹೊಸ ಚಪ್ಪಲಿಯ ಹಾಗೆ ಕಚ್ಚಿತು. ಎರಡನೆಯ ಸಲ ಅಷ್ಟು ಕಚ್ಚಲಿಲ್ಲ. ಕೇಳದೆ ನಿಮ್ಮ ಹೂ ಕಿತ್ತೆ, ನಿಮ್ಮ ಮಕ್ಕಳು ಮೊಮ್ಮಕ್ಕಳು ನೋಡಬೇಕಾದ ಮರಗಳನ್ನು ಕಿತ್ತೆ, ನನ್ನ ದೇವರ ಹೆಸರಿನಲ್ಲಿ ಕಿತ್ತೆ, ದೇವರು ಕೇಳಿರಲಿಲ್ಲ, ನನ್ನ ಆಸೆ ಕೇಳಿತು. ತಪ್ಪಾಯಿತು ಎಂದೆ. ಹೆಂಗಸರು ಪ್ರತಿ ವಾಕ್ಯಕ್ಕೂ ಹೂಂಗುಟ್ಟುತ್ತಿದ್ದರು, ಅರ್ಥವಾಗದಿದ್ದರೂ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಪಕ್ಕದಲ್ಲಿ ನಳಿನಿ ತಲೆ ತಗ್ಗಿಸಿ, ನಾನು ಮುಗಿಸಿದ ಮೇಲೆ ಊರವರಿ‌ಗೆ ಹೇಳಲು ಕಾಯುತ್ತಾ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅಷ್ಟು ಜನರಲ್ಲಿ ನನ್ನ ಮಾತು ತಿಳಿಯುತ್ತಿದ್ದವಳು ಅವಳೊಬ್ಬಳು. ಒಬ್ಬಳೇ ಸಿಕ್ಕಿದಾಗ ಆಡಲಾರದ ಮಾತನ್ನು ಊರೆಲ್ಲ ನೋಡುತ್ತಿರುವಾಗ ಆಡಿದೆ.

‘ನಳಿನಿ, ಆ ನೇರಳೆ ಮರ ಟೊಳ್ಳಾಗಿರ್ಲಿಲ್ಲ ಕಣೆ. ಗಟ್ಟಿಯಾಗೇ ಇತ್ತು. ನೀನಿದ್ದಿದ್ರೆ ಬಿಡ್ತಿರ್ಲಿಲ್ಲ ಅಂತ ಗೊತ್ತಿತ್ತು, ಅದಕ್ಕೇ ನೀನಿಲ್ದಾಗ ಕಡಿಸ್ದೆ. ಆಮೇಲೆ ಸುಳ್ಳು ಹೇಳ್ದೆ. ಹತ್ತು ವರ್ಷ ಆ ಸುಳ್ಳನ್ನ ಹಾಗೇ ಬಿಟ್ಟೆ. ತಪ್ಪಾಯ್ತು.’

ಇನ್ನೂ ಏನೇನೋ ಹೇಳಿದೆ. ನೀನು ಹೋದ ಮೇಲೆ ಹಿತ್ತಿಲ ಬಾಗಿಲನ್ನೇ ತೆಗೆಯುತ್ತಿರಲಿಲ್ಲ ಎಂದೆ. ನೀನಿಲ್ಲ ಎಂಬುದು ಮರೆತು ಒಂದು ವಾರ ನಿನ್ನ ಪಾಲಿನ ಹಾಲು ಕಾಯಿಸಿಡುತ್ತಲೇ ಇದ್ದೆ ಎಂದೆ. ಅಳು ಬಂತು. ಮೂಗು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ, ಬಾಟಲಿ ಇತ್ತು. ವೋಲಾ ಬಂದು ತನ್ನ ಸೆರಗಿನಂಥ ಬಟ್ಟೆಯಿಂದ ನನ್ನ ಮುಖ ಒರೆಸಿ ವಾಪಸು ಹೋಗಿ ನಿಂತಳು.

ಮಾತು ನಿಂತಿತು. ರಕೋತು ನಳಿನಿಯ ಕಡೆ ತಿರುಗಿ ಈಗ ಹೇಳು ಎಂಬಂತೆ ನೋಡಿದ.  ಅವಳು ಅವರ ಭಾಷೆಯಲ್ಲಿ ಎರಡೇ ಎರಡು ವಾಕ್ಯ ಹೇಳಿ ಮುಗಿಸಿದಳು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಷ್ಟು ಹೊತ್ತು ಅತ್ತು ಕರೆದು ಮಾತಾಡಿದ್ದು ಇಷ್ಟೇನಾ ಎಂಬ ನಗು, ನನಗೂ ಅರ್ಥವಾಯಿತು. ರಕೋತು ನಗಲಿಲ್ಲ. ಅವಳನ್ನು ಮತ್ತೇನೋ ಕೇಳಿದ. ಅವಳು ತಗ್ಗಿದ ದನಿಯಲ್ಲಿ ಉತ್ತರ ಕೊಟ್ಟಳು. ಅವನು ನನ್ನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿ, ಆಯಿತು ಎಂದು ತಲೆಯಾಡಿಸಿ, ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಇಳಿಜಾರಿಗೆ ಇಳಿದು ಮರದ ಬುಡಕ್ಕೆ ಎರೆದ. ಹೆಂಗಸರು ಬಂದು ಒಬ್ಬೊಬ್ಬರಾಗಿ ನನ್ನ ಕೈ ಹಿಡಿದರು. ನಾಳೆ ಕೆಲಸಕ್ಕೆ ಬರುತ್ತೇವೆ ಎಂದು ನಳಿನಿಗೆ ಹೇಳಿದರು.

ಜನವೆಲ್ಲ ಮುಂದೆ ಹೋಯಿತು. ನಾವಿಬ್ಬರೂ ಹಿಂದೆ ಉಳಿದೆವು. ಇಳಿಜಾರಿನಲ್ಲಿ ಅವಳು ನನ್ನ ತೋಳು ಹಿಡಿದುಕೊಂಡಳು.  ಅರ್ಧ ದಾರಿಯಲ್ಲಿ ತಡೆಯಲಾಗದೆ, ಅವನು ಎರಡನೆಯ ಸಲ ಏನು ಕೇಳಿದ ಎಂದೆ.

‘ಇಷ್ಟುದ್ದ ಹೇಳಿದಾಳೆ, ಉಳಿದಿದ್ದು ಎಲ್ಲಿ ಅಂದ.’

‘ನೀನೇನಂದೆ?’

‘ಹೂವಿನ ವಿಷ್ಯ ನಿಮ್ದು, ಅದನ್ನ ಕೊಟ್ಟಿದೀನಿ. ಉಳಿದಿದ್ದು ನಂಗೆ ಬಂದಿದ್ದು, ಅದನ್ನ ಯಾರಿಗೂ ಕೊಡಲ್ಲ ಅಂದೆ.’